ಸೈನಿಕ ನಿಯೋಜನೆ ಮತ್ತು ಕುಟುಂಬದ ಹಣಕಾಸು

ಹೆಂಡತಿ ಮಕ್ಕಳನ್ನು ಕರೆದೊಯ್ಯಲಾಗದ ಜಾಗಕ್ಕೆ ಸೈನಿಕ ಕರ್ತವ್ಯದ ಮೇಲೆ ಹೊರಟಾಗ, ಅವನಿಲ್ಲದ ತಿಂಗಳುಗಳಲ್ಲಿ ಮನೆಯ ವರಮಾನ, ಸಾಲ, ಆಸ್ತಿ, ವಿಮೆಗಳ ವ್ಯವಹಾರ ನಿಲ್ಲದೆ ನಡೆಯುವಂತೆ ಮೊದಲೇ ಮಾಡಿಡುವ ಏರ್ಪಾಟು. ಭಾರತೀಯ ಭೂಸೇನೆಯ ಆಡುಮಾತಿನಲ್ಲಿ ಪೋಸ್ಟಿಂಗ್ ಎರಡು ಬಗೆ: ಸಂಸಾರ ಸಮೇತ ಕ್ವಾರ್ಟರ್ಸ್‌ನಲ್ಲಿ ಇರಬಹುದಾದ ಪೀಸ್ ಸ್ಟೇಷನ್ ಒಂದು, ಹಾಗೆ ಇರಲಾಗದ ಫೀಲ್ಡ್ ಇನ್ನೊಂದು. ಜವಾನನ ಸೇವೆಯೆಲ್ಲ ಈ ಎರಡರ ನಡುವೆ ಸರದಿಯಂತೆ ಕಳೆಯುತ್ತದೆ. ಸರದಿ ಗೊತ್ತಿರುವುದರಿಂದ ಸಿದ್ಧತೆಗೆ ಸಮಯ ಸಿಗುತ್ತದೆ ಎಂದೇನೂ ಇಲ್ಲ. 2001ರ ಡಿಸೆಂಬರ್ 13ರ ಸಂಸತ್ ದಾಳಿಯ ಬೆನ್ನಿಗೆ ಆರಂಭವಾದ ಆಪರೇಷನ್ ಪರಾಕ್ರಮ್ 2002ರ ಅಕ್ಟೋಬರ್‌ವರೆಗೂ ಸೇನೆಯನ್ನು ಗಡಿಯಲ್ಲಿ ನಿಲ್ಲಿಸಿತು. 2020ರ ಜೂನ್‌ನಲ್ಲಿ ಗಾಲ್ವಾನ್ ಘರ್ಷಣೆಯಾದಾಗ ಪೂರ್ವ ಲಡಾಖಿಗೆ ತುಕಡಿಗಳು ತರಾತುರಿಯಲ್ಲಿ ಏರಬೇಕಾಯಿತು. ಅಂಥ ಹೊತ್ತಿನಲ್ಲಿ ಬ್ಯಾಂಕಿಗೋ ಉಪನೋಂದಣಿ ಕಚೇರಿಗೋ ಹೋಗಿಬರಲು ಯಾರೂ ರಜೆ ಕೊಡುವುದಿಲ್ಲ. ಆದ್ದರಿಂದ ಈ ಸಿದ್ಧತೆ ಹೊರಡುವ ವಾರದ ಕೆಲಸವಲ್ಲ, ಪೀಸ್ ಸ್ಟೇಷನ್ನಿನಲ್ಲಿರುವಾಗಲೇ ಮುಗಿಸಬೇಕಾದ ಕೆಲಸ.

ಹಣಕಾಸು ಸಿದ್ಧತೆ ಎಂದ ಕೂಡಲೇ ಹಣ ಕೂಡಿಡುವುದು ನೆನಪಾಗುತ್ತದೆ. ಸೈನಿಕನ ಮಟ್ಟಿಗೆ ಅದು ಅರ್ಧ ಸತ್ಯವೂ ಅಲ್ಲ. ಫೀಲ್ಡ್‌ಗೆ ಹೋದವನ ಸಂಬಳ ಏರುತ್ತದೆ, ಖರ್ಚು ಇಳಿಯುತ್ತದೆ. ಊಟ, ಬಟ್ಟೆ, ಬಂಕರು ಎಲ್ಲವೂ ಸರ್ಕಾರದ್ದು, ಅಂಗಡಿ ಕಣ್ಣಿಗೇ ಬೀಳದು. ಏಳನೇ ವೇತನ ಆಯೋಗದ ನಂತರ ಹೊಸ ಸಿಪಾಯಿಯ ಮೂಲ ವೇತನ 21,700 ರೂಪಾಯಿ, ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ 5,200, ಒಟ್ಟು 26,900. ಜವಾನರು ಮತ್ತು ಜೆಸಿಒಗಳ ಸಿಯಾಚಿನ್ ಭತ್ಯೆ 2017ರ ಜುಲೈ 1ರಿಂದ 14,000ದಿಂದ 30,000ಕ್ಕೆ ಏರಿತು. ಎಂದರೆ ಹಿಮನದಿಯ ಮೇಲಿರುವಷ್ಟು ದಿನ ಭತ್ಯೆಯೇ ಆ 26,900ನ್ನು ಮೀರುತ್ತದೆ. ಹಾಗಿದ್ದೂ ಮನೆಯಲ್ಲಿ ಶಾಲೆಯ ಫೀಸು ಬಾಕಿ ಉಳಿಯುವುದುಂಟು, ಸೊಸೈಟಿಯ ಬೆಳೆಸಾಲ ಅವಧಿ ಮೀರುವುದುಂಟು. ಹಣವಿಲ್ಲದೆ ಹೀಗಾಗುವುದಿಲ್ಲ, ಹಣ ಇರುವ ಕಡೆ ಸಹಿ ಹಾಕಬೇಕಾದ ಕೈ ಇರುವುದಿಲ್ಲ. ನಿಯೋಜನೆಯ ಹಣಕಾಸು ಸಿದ್ಧತೆ ಉಳಿತಾಯದ ಪ್ರಶ್ನೆ ಆಮೇಲೆ, ಅಧಿಕಾರ ಹಂಚಿಕೆಯ ಪ್ರಶ್ನೆ ಮೊದಲು ಎಂಬುದು ಈ ಲೇಖನದ ವಾದ.

ಹಿಂದಿನ ವ್ಯವಸ್ಥೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಜವಾನನ ಸಂಬಳದ ಗೊತ್ತಾದ ಭಾಗವೊಂದು 'ಫ್ಯಾಮಿಲಿ ಅಲಾಟ್‌ಮೆಂಟ್' ಹೆಸರಿನಲ್ಲಿ ಮನಿಯಾರ್ಡರ್ ಮೂಲಕ ನೇರ ಮನೆಗೆ ಬರುತ್ತಿದ್ದ ಕಾಲವಿತ್ತು. ಜಗಲಿಯಲ್ಲಿ ಪೋಸ್ಟ್‌ಮ್ಯಾನ್ ನೋಟು ಎಣಿಸಿ, ಫಾರಂ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದು ಹೋಗುತ್ತಿದ್ದ. ಮೊತ್ತ ಸಣ್ಣದು, ಆದರೆ ಅದು ಯಾರ ಕೈಗೆ ಎಂಬ ಪ್ರಶ್ನೆಗೆ ಆ ಫಾರಮ್ಮಿನಲ್ಲೇ ಉತ್ತರವಿತ್ತು. ಸಂಬಳ ಬ್ಯಾಂಕ್ ಖಾತೆಗೆ ಜಮೆಯಾಗತೊಡಗಿದ ಮೇಲೆ ಮೊತ್ತ ದೊಡ್ಡದಾಯಿತು, ಉತ್ತರ ಕಾಣೆಯಾಯಿತು. ಖಾತೆ ಅವನೊಬ್ಬನ ಹೆಸರಿನಲ್ಲಿ, ಎಟಿಎಂ ಕಾರ್ಡು ಅವನ ಪರ್ಸಿನಲ್ಲಿ, ಒಟಿಪಿ ಬರುವುದು ಅವನ ಮೊಬೈಲಿಗೆ. ಆ ಮೊಬೈಲೋ, ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು ಬರೆದ ಕಪ್ಪು ಟ್ರಂಕಿನೊಳಗೆ ಸ್ವಿಚ್ ಆಫ್ ಆಗಿ ಬೇಸ್ ಕ್ಯಾಂಪಿನಲ್ಲಿದೆ. ಊರಿನಲ್ಲಿ ಹೆಂಡತಿ ಹತ್ತು ನಿಮಿಷದಲ್ಲಿ ಹಾಕಬೇಕಾದ ಆರು ಅಂಕಿಗಳಿಗಾಗಿ, ಅವನು ಪೋಸ್ಟಿನಿಂದ ಇಳಿದು ಬರುವವರೆಗೆ ಮೂರು ತಿಂಗಳು ಕಾಯಬೇಕು. ಹೊರಡುವ ಮೊದಲೇ ಕಾರ್ಡು, ಪಿನ್ನು ಕೊಟ್ಟುಹೋಗುವ ಪರಿಪಾಠ ವ್ಯಾಪಕವಾಗಿದೆ. ಅದು ಬ್ಯಾಂಕಿನ ಷರತ್ತಿಗೆ ವಿರುದ್ಧ, ಮೋಸವಾದಾಗ ದೂರು ಕೊಡುವ ಹಕ್ಕನ್ನೂ ಸಡಿಲಿಸುತ್ತದೆ. ನೇರ ದಾರಿಯೆಂದರೆ 'ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು' ಎಂಬ ಷರತ್ತಿನ ಜಂಟಿ ಖಾತೆ. ಅದಕ್ಕೆ ಹೆಂಡತಿಯ ಹೆಸರಿನದೇ ಕಾರ್ಡು, ಅವಳದೇ ಮೊಬೈಲ್ ಸಂಖ್ಯೆ. ಸಂಬಳ ಅವನ ಖಾತೆಗೇ ಬರಲಿ. ಅಲ್ಲಿಂದ ಪ್ರತಿ ತಿಂಗಳು ಗೊತ್ತಾದ ಮೊತ್ತ ಜಂಟಿ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಟ್ಟರೆ ಮನಿಯಾರ್ಡರಿನ ಹಳೆಯ ಗುಣ ಮರಳಿ ಸಿಕ್ಕಂತೆ. ಸೇನೆಯಲ್ಲಿರುವವಳು ಹೆಂಡತಿಯಾಗಿದ್ದರೆ ಇದೇ ಏರ್ಪಾಟನ್ನು ತಿರುವಿ ಓದಿಕೊಳ್ಳಬೇಕು.

ಸ್ವಲ್ಪ ನಗದು ಕೈಯಲ್ಲಿರಬೇಕಾದ ಸಂದರ್ಭವೊಂದಿದೆ, ಅದು ಹೊರಡುವ ಮತ್ತು ತಲುಪುವ ನಡುವಿನದು. ಕುಟುಂಬ ಕ್ವಾರ್ಟರ್ಸ್ ಬಿಟ್ಟು ಊರಿಗೆ ಮರಳುವಾಗ ಲಾರಿ ಬಾಡಿಗೆ, ಹೊಸ ಶಾಲೆಯ ಪ್ರವೇಶ ಶುಲ್ಕ, ನಗರದಲ್ಲೇ ಉಳಿದರೆ ಬಾಡಿಗೆ ಮನೆಯ ಅಡ್ವಾನ್ಸು ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ಫೀಲ್ಡ್ ಭತ್ಯೆಯಾದರೋ ಅವನು ಅಲ್ಲಿ ವರದಿ ಮಾಡಿಕೊಂಡ ದಿನವೇ ಬರುವುದಿಲ್ಲ. ಯೂನಿಟ್ಟಿನ ಕಚೇರಿ ಸೇವಾ ಬದಲಾವಣೆಯನ್ನು ದಾಖಲಿಸುವ 'ಪಾರ್ಟ್ ಟೂ ಆರ್ಡರ್' ಹೊರಡಿಸಿ, ಅದು ವೇತನ ಲೆಕ್ಕ ಕಚೇರಿ ತಲುಪಿ, ಅಲ್ಲಿ ನಮೂದಾದ ಮೇಲೆ ಬಾಕಿ ಸಮೇತ ಜಮೆಯಾಗುತ್ತದೆ. ಈ ಅಂತರ ದಾಟಲು ಎರಡು ಮೂರು ತಿಂಗಳ ಮನೆಖರ್ಚು ಜಂಟಿ ಖಾತೆಯಲ್ಲಿದ್ದರೆ ಕೈಸಾಲಕ್ಕೆ ಹೋಗಬೇಕಿಲ್ಲ.

ಭತ್ಯೆಯ ಹಣದ್ದೇ ಇನ್ನೊಂದು ಬಲೆ. ಅದು ಸ್ಥಳಕ್ಕೆ ಕೊಡುವ ಹಣ, ಮನುಷ್ಯನಿಗಲ್ಲ. ಎತ್ತರದಿಂದ ಇಳಿದ ದಿನ ಅದೂ ಇಳಿಯುತ್ತದೆ. ಸಾಲ ಕೊಡುವವರು ಕೇಳುವುದು ಇತ್ತೀಚಿನ ತಿಂಗಳುಗಳ ಪೇ ಸ್ಲಿಪ್ಪು. ಫೀಲ್ಡ್‌ನಲ್ಲಿರುವಾಗ ಆ ಸ್ಲಿಪ್ಪು ಉಬ್ಬಿರುತ್ತದೆ. ಇಪ್ಪತ್ತು ವರ್ಷದ ಮನೆಸಾಲದ ಕಂತನ್ನು ಎರಡು ವರ್ಷದ ಭತ್ಯೆಯ ಮೇಲೆ ನಿಲ್ಲಿಸಿದವನು ಪೀಸ್ ಸ್ಟೇಷನ್ನಿಗೆ ಮರಳಿದ ಮೇಲೆ ಅದೇ ಕಂತನ್ನು ಬರಿಯ ಮೂಲ ಸಂಬಳದಲ್ಲಿ ಕಟ್ಟಬೇಕು, ಆಗ ಜೊತೆಗೆ ಸಂಸಾರದ ಖರ್ಚೂ ಮರಳಿರುತ್ತದೆ. ಕಂತಿನ ಲೆಕ್ಕ ಯಾವಾಗಲೂ ಪೀಸ್ ಸಂಬಳದ ಮೇಲಿರಬೇಕು. ಭತ್ಯೆಯ ಹಣ ಇರುವ ಸಾಲದ ಅಸಲು ತೀರಿಸಲು, ಚಿನ್ನದ ಒತ್ತೆ ಬಿಡಿಸಲು, ಭವಿಷ್ಯ ನಿಧಿಯ ವಂತಿಗೆ ಹೆಚ್ಚಿಸಲು ಹೋಗಲಿ. ಅವೆಲ್ಲ ಒಮ್ಮೆ ಮುಗಿಯುವ ಅಥವಾ ಬೇಕೆಂದಾಗ ಇಳಿಸಬಹುದಾದ ವೆಚ್ಚಗಳು. ಅಧಿಕಾರಿಗಳ ಡಿಎಸ್‌ಒಪಿ ನಿಧಿಗೂ ಉಳಿದವರ ಎಎಫ್‌ಪಿಪಿ ನಿಧಿಗೂ ಕಡ್ಡಾಯ ವಂತಿಗೆಗಿಂತ ಹೆಚ್ಚು ಕಟ್ಟಲು ಅವಕಾಶವಿದೆ. ಫೀಲ್ಡ್‌ನ ಹಣ ಕೈಗೇ ಸಿಗದೆ ಅಲ್ಲಿಗೆ ಹೋಗುವುದು ಖರ್ಚಿನ ದೃಷ್ಟಿಯಿಂದಲೂ ಕ್ಷೇಮ.

ಬ್ಯಾಂಕಿನಾಚೆಗಿನ ವ್ಯವಹಾರಕ್ಕೆ ಜಂಟಿ ಖಾತೆ ಸಾಲದು. ನಿವೇಶನದ ನೋಂದಣಿ, ಸಹಕಾರ ಸಂಘದ ಬೆಳೆಸಾಲದ ನವೀಕರಣ, ತಹಶೀಲ್ದಾರರ ಮುಂದಿನ ಖಾತೆ ಬದಲಾವಣೆ, ಇವಕ್ಕೆ ಜಿಪಿಎ ಎಂದೇ ಹೆಸರಾದ ಅಧಿಕಾರ ಪತ್ರ ಬೇಕಾಗುತ್ತದೆ. ಎಲ್ಲ ವ್ಯವಹಾರಕ್ಕೂ ಅನ್ವಯಿಸುವ ಒಂದೇ ಪತ್ರ ಬರೆದುಕೊಟ್ಟು ಹೋಗುವುದು ಸುಲಭ, ಅಪಾಯವೂ ಅಷ್ಟೇ. ಇಂಥ ಸರ್ವೆ ನಂಬರು, ಇಂಥ ಕೆಲಸ, ಇಷ್ಟು ಅವಧಿ ಎಂದು ಕಟ್ಟಿದ ಪತ್ರ ಲೇಸು. ಆದರೆ ಅಧಿಕಾರ ಪತ್ರಕ್ಕಿರುವ ಮೂಲಭೂತ ಮಿತಿಯನ್ನು ಬಹಳ ಮನೆಗಳು ತಡವಾಗಿ ಅರಿಯುತ್ತವೆ: 1872ರ ಕರಾರು ಅಧಿನಿಯಮದ 201ನೇ ಕಲಮಿನ ಪ್ರಕಾರ ಬರೆದುಕೊಟ್ಟವನು ಸತ್ತರೆ ಪತ್ರವೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಹೆಚ್ಚು ಬೇಕಾಗುವ ಗಳಿಗೆಯಲ್ಲೇ ಅದು ಕೆಲಸಕ್ಕೆ ಬಾರದು. ಹೀಗಾಗಿ ಸಿದ್ಧತೆ ಎರಡು ಪದರದ್ದಾಗಬೇಕು. ಅವನು ದೂರವಿರುವಾಗ ನಡೆಯುವ ಕಾಗದಗಳು ಬೇರೆ, ಅವನು ಮರಳದಿದ್ದರೆ ನಡೆಯುವ ಕಾಗದಗಳು ಬೇರೆ.

ಎರಡನೆಯ ಪದರದಲ್ಲಿ ಮೊದಲು ಬರುವುದು ನಾಮಿನಿ. ಅವಿವಾಹಿತನಾಗಿ ಭರ್ತಿಯಾದ ಹುಡುಗ ತಾಯಿಯ ಹೆಸರನ್ನೋ ತಂದೆಯ ಹೆಸರನ್ನೋ ಬರೆಸಿರುತ್ತಾನೆ. ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಆ ಹಳೆಯ ಕಾಗದ ಹಾಗೇ ಉಳಿದಿರುತ್ತದೆ. ಮದುವೆ, ಹೆರಿಗೆ, ವಿಚ್ಛೇದನ ಯಾವುದೇ ಆಗಲಿ ಪಾರ್ಟ್ ಟೂ ಆರ್ಡರಿನಲ್ಲಿ ಪ್ರಕಟವಾಗಿ, ಕುಟುಂಬದವರ ದಾಖಲೆಯಾದ ಕಿಂಡ್ರೆಡ್ ರೋಲಿಗೆ ಸೇರದಿದ್ದರೆ ಸೇನೆಯ ಕಣ್ಣಿಗೆ ಅದು ನಡೆದೇ ಇಲ್ಲ. ಇಲ್ಲಿ ಗೊಂದಲಕ್ಕೆ ಕಾರಣವಾಗುವುದು ಬೇರೆಬೇರೆ ಹಣ ಬೇರೆಬೇರೆ ನಿಯಮದ ಮೇಲೆ ನಡೆಯುವುದು. ಕುಟುಂಬ ಪಿಂಚಣಿ ನಿಯಮದ ಪ್ರಕಾರ ಮೊದಲು ಹೆಂಡತಿಗೆ ಸಲ್ಲುತ್ತದೆ. ಅದನ್ನು ನಾಮಿನಿ ಪತ್ರದಿಂದ ಬೇರೆಡೆ ತಿರುಗಿಸಲಾಗದು. 1976ರಿಂದ ನಡೆದುಬಂದಿರುವ ಆರ್ಮಿ ಗ್ರೂಪ್ ಇನ್ಶೂರೆನ್ಸ್ ಫಂಡಿನ ವಿಮೆ ಮತ್ತು ಭವಿಷ್ಯ ನಿಧಿ ನಾಮನಿರ್ದೇಶನವನ್ನು ಅನುಸರಿಸುತ್ತವೆ, ಅವನ್ನು ಹೆಂಡತಿ ಮತ್ತು ತಂದೆತಾಯಿಯ ನಡುವೆ ಪಾಲು ಮಾಡಿ ಬರೆಸಬಹುದು. 2024ರಲ್ಲಿ ಮರಣೋತ್ತರ ಕೀರ್ತಿಚಕ್ರ ಪಡೆದ ಅಧಿಕಾರಿಯೊಬ್ಬರ ತಂದೆತಾಯಿ 'ನೆಕ್ಸ್ಟ್ ಆಫ್ ಕಿನ್' (ಹತ್ತಿರದ ಬಂಧು) ನಿಯಮ ಬದಲಾಗಬೇಕೆಂದು ಬಹಿರಂಗವಾಗಿ ಕೇಳಿದಾಗ ಎದ್ದ ಚರ್ಚೆಯಲ್ಲಿ ಈ ವ್ಯತ್ಯಾಸವನ್ನೇ ಬಹಳ ಜನ ಮರೆತಿದ್ದರು. ಬ್ಯಾಂಕ್ ಠೇವಣಿಗೂ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಪಾಲಿನ ಸಮೇತ ಹೆಸರಿಸಬಹುದಾಗಿದೆ. ಅತ್ತೆ ಸೊಸೆಯರಲ್ಲಿ ಒಬ್ಬರನ್ನೇ ಆರಿಸಬೇಕಾದ ಇಕ್ಕಟ್ಟು ಇಲ್ಲಿಯ ಮಟ್ಟಿಗಾದರೂ ತಪ್ಪಿತು.

ನಾಮಿನಿಯಾದ ಮಾತ್ರಕ್ಕೆ ಒಡೆತನ ಬಂದಂತಲ್ಲ. ನಾಮಿನಿ ಹಣ ಪಡೆದುಕೊಳ್ಳುವ ಕೈ ಮಾತ್ರ, ಹಕ್ಕು ವಾರಸುದಾರರದು ಎಂದು ಸುಪ್ರೀಂ ಕೋರ್ಟ್ 1984ರ ಸರ್ಬತಿ ದೇವಿ ಪ್ರಕರಣದಲ್ಲಿ ಹೇಳಿತು. 2015ರ ತಿದ್ದುಪಡಿಯಿಂದ ಜೀವವಿಮೆಯ ಮಟ್ಟಿಗೆ ಸಂಗಾತಿ, ಮಕ್ಕಳು, ತಂದೆತಾಯಿ ನಾಮಿನಿಗಳಾಗಿದ್ದರೆ ಹಣ ಅವರದೇ ಆಯಿತು, ಉಳಿದ ಆಸ್ತಿಗೆ ಹಳೆಯ ತತ್ವವೇ. ಉಯಿಲು ಬೇಕಾಗುವುದು ಅದಕ್ಕೇ. ಉಯಿಲಿಲ್ಲದೆ ತೀರಿಕೊಂಡ ಹಿಂದೂ ಸೈನಿಕನ ಸ್ವಂತ ನಿವೇಶನ 1956ರ ಉತ್ತರಾಧಿಕಾರ ಅಧಿನಿಯಮದಂತೆ ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿಗೆ ನಾಲ್ಕು ಸಮಪಾಲಾಗುತ್ತದೆ. ಅವರಿರುವಾಗ ತಂದೆಗೆ ಏನೂ ಇಲ್ಲ; ಆ ನಿವೇಶನಕ್ಕೆ ಹಣ ಹೊಂದಿಸಿಕೊಟ್ಟವನು ಅವನೇ ಆಗಿದ್ದರೂ. ಚಿಕ್ಕ ಮಕ್ಕಳ ಪಾಲನ್ನು ತಾಯಿಯೇ ಮಾರಬೇಕೆಂದರೂ ನ್ಯಾಯಾಲಯದ ಅನುಮತಿ ಬೇಕು. ಇದು ತನಗೆ ಒಪ್ಪಿಗೆಯೋ ಅಲ್ಲವೋ ಎಂದು ಸೈನಿಕ ಹೊರಡುವ ಮೊದಲು ಯೋಚಿಸಬೇಕು, ಒಪ್ಪಿಗೆಯಿಲ್ಲದಿದ್ದರೆ ಬರೆದಿಡಬೇಕು. ಯುದ್ಧಕ್ಕೆ ಹೊರಟ ಸೈನಿಕ ಬಾಯಿಮಾತಿನಲ್ಲೂ ಉಯಿಲು ಮಾಡಬಹುದೆಂಬ ನಂಬಿಕೆ ಬ್ಯಾರಕ್ಕುಗಳಲ್ಲಿ ಕೇಳಿಬರುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 65, 66ನೇ ಕಲಮುಗಳಲ್ಲಿ ಅಂಥ ವಿಶೇಷಾಧಿಕಾರದ ಉಯಿಲು ಇರುವುದು ನಿಜ. ಆದರೆ ಹಿಂದೂ, ಬೌದ್ಧ, ಸಿಖ್, ಜೈನರ ಉಯಿಲಿಗೆ ಅನ್ವಯಿಸುವ ಕಲಮುಗಳನ್ನು ಪಟ್ಟಿಮಾಡಿರುವ ಅದೇ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಈ ಎರಡೂ ಇಲ್ಲ. ಅನ್ವಯಿಸುವವರಿಗೂ ಬಾಯಿಮಾತಿನ ಉಯಿಲು, ಆ ಸೌಲಭ್ಯ ಕೊನೆಗೊಂಡು ಒಂದು ತಿಂಗಳಾದ ಮೇಲೆ ಸೈನಿಕ ಬದುಕಿದ್ದರೆ, ಊರ್ಜಿತವಲ್ಲ. ಬಿಳಿ ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿದ ಸಾಮಾನ್ಯ ಉಯಿಲಿಗೆ ಛಾಪಾ ಕಾಗದವೂ ಬೇಡ, ಕಡ್ಡಾಯ ನೋಂದಣಿಯೂ ಇಲ್ಲ.

ಕರ್ನಾಟಕದ ಜವಾನರಲ್ಲಿ ಹೊಲಮನೆಯವರೇ ಹೆಚ್ಚು ಕಾಣುತ್ತಾರೆ. ಅವರ ಚಿಂತೆ ಪಹಣಿಯಿಂದ ಆರಂಭವಾಗುತ್ತದೆ. ಉಳುವವನಿಗೇ ಭೂಮಿ ಎಂಬ ಸುಧಾರಣೆಯಲ್ಲಿ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ನಿಹಿತವಾದವು, ಹೊಸ ಗೇಣಿಗೆ ನಿಷೇಧ ಬಂತು. ದೂರದಲ್ಲಿರುವವನು ಜಮೀನನ್ನು ಇನ್ನೊಬ್ಬರಿಗೆ ಮಾಡಲು ಕೊಟ್ಟರೆ ಕೈತಪ್ಪಬಹುದೆಂಬ ಭಯ ಅಂದಿನಿಂದ ಹಳ್ಳಿಗಳಲ್ಲಿ ಉಳಿದಿದೆ. ಸೈನಿಕನ ವಿಷಯದಲ್ಲಿ ಆ ಭಯಕ್ಕೆ ಆಧಾರವಿಲ್ಲ. ಕರ್ನಾಟಕ ಭೂ ಸುಧಾರಣಾ ಅಧಿನಿಯಮದ 5ನೇ ಕಲಮು ಸೇವೆಯಲ್ಲಿರುವ ಸೈನಿಕ ಮತ್ತು ನಾವಿಕರಿಗೆ ಗೇಣಿಗೆ ಕೊಡುವ ವಿನಾಯಿತಿ ನೀಡಿದೆ, 15ನೇ ಕಲಮು ಜಮೀನನ್ನು ಮರಳಿ ಪಡೆಯುವ ದಾರಿಯನ್ನೂ ತೋರಿಸಿದೆ. ಮುಖ್ಯ ಷರತ್ತೆಂದರೆ, ಗೇಣಿ ಬರಹದಲ್ಲಿರಬೇಕು. ಅಣ್ಣತಮ್ಮಂದಿರ ನಡುವೆ, ನೆರೆಯವರ ನಡುವೆ ಬಾಯಿಮಾತಿನ ಕೋರು ನಡೆಯುವ ನಾಡಿನಲ್ಲಿ ಈ ಒಂದು ಹಾಳೆ ಬರೆಸಲು ಸಂಕೋಚಪಡುವುದೇ ಕಾನೂನು ಕೊಟ್ಟ ರಕ್ಷಣೆಯನ್ನು ಕಳೆದುಕೊಳ್ಳುವ ಬಗೆ. ತೀರಿಕೊಂಡ ಅಪ್ಪನ ಹೆಸರಿನಲ್ಲೇ ಉಳಿದ ಜಮೀನಿಗೆ ಪೌತಿ ಖಾತೆ ಮಾಡಿಸಿಕೊಳ್ಳದೆ ಹೊರಡುವುದೂ ಇದೇ ಜಾತಿಯ ತಪ್ಪು.

ಊರಿನಲ್ಲಿ ಅವನ ಮೇಲೆ ದಾವೆ ಬಿದ್ದರೆ ಏನು ಗತಿ? 1925ರ ಭಾರತೀಯ ಸೈನಿಕರ ದಾವೆಗಳ ಅಧಿನಿಯಮ ಹೆಚ್ಚು ಜನಕ್ಕೆ ಗೊತ್ತಿಲ್ಲದ, ಒಳ್ಳೆಯ ಕಾಯ್ದೆ. ಯುದ್ಧ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕ ಪ್ರತಿವಾದಿಯಾಗಿದ್ದು ಅವನ ಪರ ಯಾರೂ ಹಾಜರಿಲ್ಲದಿದ್ದರೆ ನ್ಯಾಯಾಲಯ ಕಲಾಪವನ್ನು ತಡೆಹಿಡಿದು ಸೇನಾಧಿಕಾರಿಗೆ ನೋಟಿಸು ಕಳಿಸಬೇಕು. ಆ ಸೇವೆಯ ಕಾಲವನ್ನು ವಾಯಿದೆಯ ಲೆಕ್ಕದಿಂದಲೂ ಬಿಡಲಾಗುತ್ತದೆ. ಆದರೆ ಪ್ರತಿವಾದಿ ಫೀಲ್ಡ್‌ನಲ್ಲಿದ್ದಾನೆಂದು ನ್ಯಾಯಾಧೀಶರಿಗೆ ಯಾರಾದರೂ ತಿಳಿಸಬೇಕಲ್ಲ. ಸಾಲದ ವಿಷಯದಲ್ಲಂತೂ ಇಷ್ಟೂ ಆಸರೆಯಿಲ್ಲ. ಅಮೆರಿಕದ 2003ರ ಸರ್ವಿಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಕಾಯ್ದೆ ಸೇವೆಗೆ ಸೇರುವ ಮೊದಲು ಮಾಡಿದ ಸಾಲದ ಬಡ್ಡಿಯನ್ನು ಶೇ 6ಕ್ಕೆ ಮಿತಗೊಳಿಸುತ್ತದೆ. ಯುದ್ಧಭೂಮಿಗೆ ಹೋದವರು 10,000 ಡಾಲರ್‌ವರೆಗೆ ಶೇ 10ರ ಬಡ್ಡಿಗೆ ಠೇವಣಿಯಿಡುವ ಯೋಜನೆಯೂ ಅಲ್ಲಿದೆ. ಭಾರತದಲ್ಲಿ ಅಂಥ ವ್ಯಾಪಕ ಕಾಯ್ದೆ ಇಲ್ಲ. ಕಂತು ತಪ್ಪಿದರೆ ಸಿಯಾಚಿನ್‌ನಲ್ಲಿದ್ದವನ ಸಿಬಿಲ್ ಅಂಕವೂ ಎಲ್ಲರದರಂತೆಯೇ ಬೀಳುತ್ತದೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ, ಪಲ್ಟನ್ ಎಲ್ಲ ನೋಡಿಕೊಳ್ಳುತ್ತದೆ ಎಂಬುದು. ಅದರಲ್ಲಿ ಹುರುಳಿದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನ ಸುಮಾರು 19,600 ಅಡಿ ಎತ್ತರದಲ್ಲಿ ಹಿಮ ಕುಸಿದು 19 ಮದ್ರಾಸ್‌ನ ಹತ್ತು ಸೈನಿಕರು ಹೂತುಹೋದಾಗ, ಆರನೇ ದಿನ ಜೀವಂತವಾಗಿ ಸಿಕ್ಕ ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಾಡೇ ಕಾದಿತ್ತು. ಫೆಬ್ರುವರಿ 11ರಂದು ಅವರು ದೆಹಲಿಯಲ್ಲಿ ತೀರಿಕೊಂಡರು. ಆಗ ಜನ ತಾವಾಗಿ ನೀಡಲು ಮುಂದಾದ ನೆರವೇ 2017ರಲ್ಲಿ ಸ್ಥಾಪನೆಯಾದ ಸೇನೆಯ ಯುದ್ಧಹತರ ಕಲ್ಯಾಣ ನಿಧಿಗೆ ಪ್ರೇರಣೆ. ಪರಿಹಾರ ಧನ, ಉದಾರೀಕೃತ ಕುಟುಂಬ ಪಿಂಚಣಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಎಲ್ಲವೂ ಇವೆ. ಆದರೆ ಈ ಏರ್ಪಾಟುಗಳು ಕಾಗದ ತೋರಿಸಿದ ಕಡೆಗೇ ಹಣ ಕಳಿಸುತ್ತವೆ. ಕಿಂಡ್ರೆಡ್ ರೋಲಿನಲ್ಲಿ ಹೆಂಡತಿಯ ಹೆಸರು ಆಧಾರ್‌ನಲ್ಲಿರುವಂತೆ ಇಲ್ಲದಿದ್ದರೆ, ಮಗಳ ಜನ್ಮದಿನಾಂಕ ಬೇರೆಯಿದ್ದರೆ, ಎಷ್ಟೇ ಅನುಕಂಪವಿದ್ದರೂ ಕಡತ ಸರಿಯುವುದಿಲ್ಲ. ನಾಪತ್ತೆಯಾದವನ ಸಂಗತಿ ಇನ್ನೂ ಕಷ್ಟ; ಸಾಮಾನ್ಯ ಕಾನೂನು ಏಳು ವರ್ಷ ಸುದ್ದಿಯಿಲ್ಲದಿದ್ದರೆ ಮಾತ್ರ ಸತ್ತನೆಂದು ಭಾವಿಸುತ್ತದೆ. ಆ ನಡುವೆ ಅವನೊಬ್ಬನ ಹೆಸರಿನಲ್ಲಿರುವ ಪ್ರತಿಯೊಂದೂ ಕೀಲಿ ಹಾಕಿದಂತೆ.

ಎರಡನೆಯದು, ಹೊರಡುವ ಹೊತ್ತಿನಲ್ಲಿ ಉಯಿಲಿನ ಮಾತು ಅಪಶಕುನ ಎಂಬುದು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಕೆಲಸ ಆಗುವುದಿಲ್ಲ, ಹೊರಡುವವನ ಮನಸ್ಸು ಕದಡಬಾರದೆಂಬ ಕಾಳಜಿ ಅದರ ಹಿಂದಿದೆ. ಅದಕ್ಕೆ ಉತ್ತರ ಸಮಯದ್ದು: ರಜೆಯ ಕೊನೆಯ ಸಂಜೆಯಲ್ಲಿ ಎತ್ತದೆ, ಮದುವೆಯ ನೋಂದಣಿಯ ವಾರದಲ್ಲೋ ಮಗುವಿನ ಹೆಸರು ಸೇರಿಸುವಾಗಲೋ ಇದನ್ನೂ ಮುಗಿಸಿದರೆ ಅದು ಸಾವಿನ ಮಾತಾಗಿ ಕೇಳಿಸದು. ಮೂರನೆಯ ಆಕ್ಷೇಪ ಯಾರೂ ಜೋರಾಗಿ ಹೇಳುವುದಿಲ್ಲ. ಹೊಸದಾಗಿ ಬಂದ ಸೊಸೆಯ ಕೈಗೆ ಎಲ್ಲವನ್ನೂ ಕೊಡುವುದೇ? ಅಥವಾ ಸೊಸೆಯ ಕಡೆಯಿಂದ, ಮಾವ ಮೈದುನರ ಕೈಗೆ ಬಿಟ್ಟರೆ ತನ್ನ ಪಾಡೇನು? ಅಧಿಕಾರ ಹಂಚುವುದೆಂದರೆ ಒಬ್ಬರಿಗೇ ಒಪ್ಪಿಸುವುದಲ್ಲ. ಮನೆಖರ್ಚಿನ ಜಂಟಿ ಖಾತೆ ಹೆಂಡತಿಯೊಡನೆ, ಜಮೀನಿನ ಸೀಮಿತ ಅಧಿಕಾರ ಪತ್ರ ತಂದೆಗೆ, ವಿಮೆಯ ಪಾಲು ಇಬ್ಬರಿಗೂ ಎಂದು ಬಿಡಿಸಿಟ್ಟರೆ ಯಾರೂ ಯಾರನ್ನೂ ಅನುಮಾನಿಸಬೇಕಿಲ್ಲ. ಹಂಚಿಕೆ ಏನೆಂಬುದು ಎಲ್ಲರಿಗೂ ಅವನ ಬಾಯಿಂದಲೇ ಗೊತ್ತಾಗಿರಬೇಕು, ಅಷ್ಟೇ. ನಂತರ ಹೇಳುವವರು ಬೇರೆಯವರಾದರೆ ಜಗಳ ಅಲ್ಲೇ ಹುಟ್ಟುತ್ತದೆ.

2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥದಡಿ ಸೇರಿದವರಿಗೆ ಲೆಕ್ಕ ಸ್ವಲ್ಪ ಬೇರೆ. ಮೊದಲ ವರ್ಷದ ತಿಂಗಳ 30,000ದಲ್ಲಿ 9,000 ಸೇವಾ ನಿಧಿಗೆ ಹೋಗಿ 21,000 ಕೈಗೆ ಬರುತ್ತದೆ. ಸರ್ಕಾರವೂ ಅಷ್ಟೇ ಸೇರಿಸಿ ನಾಲ್ಕು ವರ್ಷಕ್ಕೆ ಬಡ್ಡಿ ಸಮೇತ ಸುಮಾರು 11.71 ಲಕ್ಷವಾಗುತ್ತದೆಂದು ಯೋಜನೆ ಹೇಳಿತು. ವಂತಿಗೆಯಿಲ್ಲದ 48 ಲಕ್ಷದ ವಿಮೆ, ಕರ್ತವ್ಯದ ಕಾರಣ ಮರಣಕ್ಕೆ 44 ಲಕ್ಷದ ಪರಿಹಾರ ಇವೆ, ಪಿಂಚಣಿ ಇಲ್ಲ. ತಿಂಗಳು ತಿಂಗಳು ಬರುವ ಆಸರೆ ಇಲ್ಲದೆ ಎಲ್ಲವೂ ಗಂಟಾಗಿ ಬರುವುದರಿಂದ ನಾಮಿನಿಯ ಕಾಗದದ ತೂಕ ಇಲ್ಲಿ ಇನ್ನೂ ಹೆಚ್ಚು. ಅವಿವಾಹಿತನಾಗಿಯೇ ಸೇರುವ ಅಗ್ನಿವೀರನಿಗೆ ಅಧಿಕಾರ ಹಂಚುವ ಪ್ರಶ್ನೆ ತಂದೆತಾಯಿಯ ನಡುವಿನದು. ನಾಲ್ಕು ವರ್ಷದ ಸಂಬಳದ ಮೇಲೆ ಅದಕ್ಕಿಂತ ದೀರ್ಘ ಅವಧಿಯ ಸಾಲ ಎತ್ತುವುದು ಸಿಯಾಚಿನ್ ಭತ್ಯೆಯ ಮೇಲೆ ಮನೆಸಾಲ ಎತ್ತಿದಂತೆಯೇ.

ಮರಳಿ ಬಂದ ಮೇಲೆ ಬಿಚ್ಚುವ ಕೆಲಸವೂ ಇದೆ, ಅದನ್ನು ಯಾರೂ ಸಿದ್ಧತೆಯಲ್ಲಿ ಎಣಿಸುವುದಿಲ್ಲ. ನಿಯೋಜನೆಯ ಅವಧಿ ಮುಗಿದರೂ ಚಾಲ್ತಿಯಲ್ಲಿರುವ ಅಧಿಕಾರ ಪತ್ರವನ್ನು ರದ್ದತಿ ಪತ್ರದಿಂದಲೇ ಮುಗಿಸಬೇಕು. ನೋಂದಣಿಯಾಗಿದ್ದರೆ ಅದೇ ಕಚೇರಿಯಲ್ಲಿ, ಬ್ಯಾಂಕಿಗೂ ಸೊಸೈಟಿಗೂ ತಿಳಿಸಿ. ಫೀಲ್ಡ್ ಬಿಟ್ಟ ಪಾರ್ಟ್ ಟೂ ಆರ್ಡರ್ ವೇತನ ಕಚೇರಿಗೆ ತಡವಾಗಿ ಮುಟ್ಟಿದರೆ ಭತ್ಯೆ ಒಂದೆರಡು ತಿಂಗಳು ಹಾಗೇ ಬರುತ್ತಿರುತ್ತದೆ. ಆ ಹೆಚ್ಚುವರಿ ಹಣ ಮುಂದೊಂದು ದಿನ ಲೆಕ್ಕದಲ್ಲಿ 'ಡೆಬಿಟ್ ಬ್ಯಾಲೆನ್ಸ್' ಆಗಿ ತೋರಿ, ಕ್ವಾರ್ಟರ್ಸ್‌ಗೆ ಮರಳಿ ಗ್ಯಾಸು, ಹಾಲು, ಶಾಲೆಯ ವ್ಯಾನು ಎಂದು ಖರ್ಚು ಆರಂಭವಾಗುವ ಹೊತ್ತಿಗೇ ಸಂಬಳದಿಂದ ಕಡಿತವಾಗತೊಡಗುತ್ತದೆ. ಹಮ್‌ರಾಜ್ ಎಂಬ ಸೇನೆಯ ಆ್ಯಪಿನಲ್ಲಿ ಪ್ರತಿ ತಿಂಗಳ ಪೇ ಸ್ಲಿಪ್ಪು ಸಿಗುತ್ತದೆ. ಅದನ್ನು ಓದಲು ಕಲಿತ ಹೆಂಡತಿ ಸಿಯಾಚಿನ್ ಭತ್ಯೆಯ ಸಾಲು ಇನ್ನೂ ಇರುವುದನ್ನು ನೋಡಿ ಆ ಮೊತ್ತವನ್ನು ಮುಟ್ಟದೆ ಪಕ್ಕಕ್ಕಿಡುತ್ತಾಳೆ.